ಸಮುದ್ರವಿಲ್ಲದ ರಾಜಧಾನಿಗೆ ಒಂದು ಟಿಕೆಟ್

2024ರ ಫೆಬ್ರವರಿಯಲ್ಲಿ ನಾನು ಕಾರವಾರ ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ವಿದೇಶಿ ಟಿಕೆಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ: ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗಳಿಗೆ ಎರಡು ಕುರ್ಚಿ. ಆ ಮೇಜಿನ ಹಿಂದೆ ಇಪ್ಪತ್ತಮೂರು ವರ್ಷ ಕೂತಿದ್ದೆ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಸಂಜೆ ಅಲ್ಲಿನ ಬಾಡಿಗೆ ಮನೆಗೆ ಮರಳುತ್ತಿದ್ದೆ. ಎಷ್ಟೋ ಜನರನ್ನು ದುಬೈಗೆ, ಮಸ್ಕತ್‌ಗೆ, ಸಿಂಗಪುರಕ್ಕೆ ಕಳಿಸಿದ್ದರೂ ನನ್ನ ಸ್ವಂತ ಪಾಸ್‌ಪೋರ್ಟಿನಲ್ಲಿ ಒಂದು ಠಸ್ಸೆಯೂ ಬಿದ್ದಿರಲಿಲ್ಲ.

ದತ್ತಾರಾಮ ನಾಯ್ಕರು ಒಂದು ಸೋಮವಾರ ಬಂದರು. ವಯಸ್ಸು ಅರವತ್ತಾರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಬಂದರಿನ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಡಗುಗಳು ಬಂದ ಹೋದ ವೇಳೆಯನ್ನು ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಬಂದರಿನ ಪಕ್ಕದ ಬೈತಖೋಲದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು.

"ವಿಯೆಂಟಿಯಾನ್‌ಗೆ ಹೋಗ್ಬೇಕು, ಬಾಯಿ," ಅಂದರು. ಹೆಂಗಸರನ್ನು ಮರ್ಯಾದೆಯಿಂದ 'ಬಾಯಿ' ಎನ್ನುವುದು ನಮ್ಮ ಕಡೆಯ ರೂಢಿ.

ಆ ಊರಿಗೆ ಟಿಕೆಟ್ ಕೇಳಿದವರು ನನ್ನ ಅನುಭವದಲ್ಲಿ ಅವರೇ ಮೊದಲು. ಲಾವೋಸ್ ದೇಶದ ರಾಜಧಾನಿ ಅದು. ಮೆಕಾಂಗ್ ನದಿಯ ದಂಡೆಯ ಮೇಲೆ ನಿಧಾನವಾಗಿ ಉಸಿರಾಡುವ ಊರು ಎಂದು ಓದಿದ್ದೆ. ಬ್ಯಾಂಕಾಕ್, ಸಿಂಗಪುರ ಬಿಟ್ಟು ಅಲ್ಲಿಗೇ ಎಂತಕ್ಕೆ ಎಂದು ಕೇಳಿದೆ.

"ನಾನು ಬರೆದ ರಿಜಿಸ್ಟರಿನಲ್ಲಿ ಆ ಕಡೆಯ ಎಲ್ಲಾ ದೇಶದ್ದೂ ಹಡಗು ಬಂದು ಹೋಗಿದಾವೆ. ಥಾಯ್ಲೆಂಡು, ವಿಯೆಟ್ನಾಂ, ಮಲೇಶಿಯಾ, ಎಲ್ಲಾ. ಲಾವೋಸಿಂದು ಒಂದೂ ಬರಲಿಲ್ಲ. ಅದಕ್ಕೆ ಸಮುದ್ರನೇ ಇಲ್ಲ. ಅದೊಂದು ನೋಡೂದು ಅಂತ ಮನಸ್ಸಾಯ್ತು."

ಮಾರ್ಚ್‌ನಲ್ಲಿ ಹೋಗುತ್ತೇನೆಂದರು. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಹವೆ, ಮಾರ್ಚ್ ಅಂದರೆ ಬಿಸಿಲು, ಗದ್ದೆ ಸುಟ್ಟ ಹೊಗೆ ಎಂದು ಹೇಳಿದೆ. "ಬಿಸಿಲು ನಮಗೆ ಹೊಸತಾ?" ಎಂದು ನಕ್ಕರು. ಗೋವಾದಿಂದ ಬೆಂಗಳೂರು, ಬ್ಯಾಂಕಾಕ್ ಮೂಲಕ ವಿಯೆಂಟಿಯಾನ್. ಹನ್ನೆರಡು ದಿನದ ಪ್ರವಾಸ. ಆನ್‌ಲೈನ್‌ನಲ್ಲಿ ಇ-ವೀಸಾ ಸಿಕ್ಕಿತು.

ಏಜೆನ್ಸಿಯಿಂದ ನಾವು ಪ್ರತಿ ಪ್ರಯಾಣಿಕರಿಗೂ ಒಂದು ಸಲಹಾಪಟ್ಟಿ ಕೊಡುತ್ತಿದ್ದೆವು. ನಾಯ್ಕರಿಗಾಗಿ ನಾಲ್ಕೈದು ಕಡೆ ಓದಿ ಹೊಸದಾಗಿ ತಯಾರಿಸಿದೆ. ಹೋಟೆಲಿನ ಹೆಸರನ್ನು ಲಾವೋ ಲಿಪಿಯಲ್ಲಿ ಬರೆಸಿ ಕಿಸೆಯಲ್ಲಿಟ್ಟುಕೊಳ್ಳಿ. ಎದುರು ಸಿಕ್ಕವರಿಗೆ ಕೈಮುಗಿದು 'ಸಬೈದೀ' ಅನ್ನಿ. ಎಂಥ ತೊಂದರೆಯಾದರೂ ಧ್ವನಿ ಎತ್ತಬೇಡಿ, ಕೂಗಾಡುವವರನ್ನು ಅಲ್ಲಿ ಯಾರೂ ಇಷ್ಟಪಡುವುದಿಲ್ಲ. ಸಂಜೆ ಹೊಳೆ ದಂಡೆಗೆ ಹೋಗಿ, ಇಡೀ ಊರು ಅಲ್ಲಿಗೆ ಬಂದು ಕೂರುತ್ತದೆ, ಆಚೆ ದಡದಲ್ಲಿ ಥಾಯ್ಲೆಂಡ್ ಕಾಣುತ್ತದೆ. ತರಕಾರಿ ಪಲ್ಯದಲ್ಲೂ ಮೀನಿನ ರಸ ಇರುತ್ತದೆ. ("ಇದ್ದರೆ ಒಳ್ಳೇದೇ ಆಯ್ತು," ಅಂದರು ನಾಯ್ಕರು.) ಬೌದ್ಧ ಮಂದಿರಗಳಲ್ಲಿ ಮೊಣಕಾಲು, ಹೆಗಲು ಮುಚ್ಚುವ ಬಟ್ಟೆ ಇರಲಿ, ಒಳಗೆ ಹೋಗುವಾಗ ಚಪ್ಪಲಿ ಬಿಡಿ.

ಆಮೇಲೆ ಪ್ರವಾಸಿ ವಿಮೆಯ ಫಾರ್ಮು. ಪರದೇಶದಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ವ್ಯವಸ್ಥೆ ನೋಡಿಕೊಳ್ಳುವ ವಿಮೆ ಅದು. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ನಾಯ್ಕರು ಹೌದೆಂದರು. ನನ್ನ ಕೈಯಾರೆ ಟಿಕ್ ಮಾಡಿದೆ. ಕೊನೆಯಲ್ಲಿ 'ತುರ್ತು ಸಂಪರ್ಕ' ಎಂಬ ಅಂಕಣ; ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬುದು.

"ಅದು ಖಾಲಿ ಬಿಡಿ," ಅಂದರು.

"ಬಿಟ್ಟರೆ ಫಾರ್ಮು ಮುಂದೆ ಹೋಗೂದಿಲ್ಲ, ನಾಯ್ಕರೇ."

ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. "ಯಾರೂ ನೆನಪಿಗೆ ಬರೂದಿಲ್ಲ, ಬಾಯಿ."

ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ನನ್ನ ಮೊಬೈಲ್ ನಂಬರು ಹಾಕಿದೆ. ಸಂಬಂಧ ಏನೆಂದು ಕೇಳಿದ ಕಡೆ 'ಇತರೆ' ಆಯ್ಕೆ ಮಾಡಿದೆ. ಹಿಂದೆಯೂ ಎರಡು ಮೂರು ಜನರಿಗೆ ಹಾಗೆ ಮಾಡಿದ್ದುಂಟು. ಅವರ ಪೈಕಿ ಯಾರ ಕುರಿತೂ ನನಗೆ ಫೋನು ಬಂದಿರಲಿಲ್ಲ.

ವಿಯೆಂಟಿಯಾನ್ ತಲುಪಿದ ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಯ್ಕರೇ ಫೋನ್ ಮಾಡಿದರು. ಏನಾದರೂ ತೊಂದರೆಯೇ ಎಂದು ಗಾಬರಿಯಾಯಿತು. ತೊಂದರೆ ಇರಲಿಲ್ಲ. ಗಾಳಿ ಇಲ್ಲ, ಹೊಗೆಯಿದೆ, ಹೊಳೆ ಬತ್ತಿ ಅರ್ಧ ಮರಳಾಗಿದೆ, ಎರಡು ದೋಣಿ ಕಂಡವು ಎಂದು ವರದಿ ಕೊಟ್ಟರು. ಮರುದಿನ ಹನ್ನೊಂದಕ್ಕೆ ಮತ್ತೆ. ಅದರ ಮರುದಿನವೂ. ರಿಜಿಸ್ಟರು ತುಂಬುವವರಂತೆ ಎಲ್ಲವನ್ನೂ ಹೇಳುತ್ತಿದ್ದರು: ಇಂದು ಎಷ್ಟು ಹೊತ್ತಿಗೆ ಎದ್ದೆ, ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಹೋದದ್ದು, ಅಂಟು ಅನ್ನವನ್ನು ಬಿದಿರಿನ ಬುಟ್ಟಿಯಲ್ಲಿ ಕೊಟ್ಟದ್ದು.

"ಇಲ್ಲಿ ಗಾಡಿಯವರು ಹಾರ್ನೇ ಹೊಡೆಯೂದಿಲ್ಲ. ಯಾರಿಗೂ ಗಡಿಬಿಡಿ ಇಲ್ಲ. ಒಬ್ಬರೇ ಕೂತವರು ನಾನೊಬ್ಬನೇ ಅಂತ ಕಾಣ್ತದೆ," ಅಂದರು ಒಂದು ದಿನ. ಇನ್ನೊಂದು ದಿನ, "ಹೊಳೆ ಮರಳಲ್ಲಿ ಶೇಂಗಾ, ಸೊಪ್ಪು ಎಲ್ಲಾ ಹಾಕಿದಾರೆ. ಕೇಣಿಯಲ್ಲಿ ನನ್ನ ತಮ್ಮ ಗಣಪತಿಯೂ ಹಿಂಗೇ ಸಾಲು ಮಾಡಿ ಹಾಕ್ತಾನೆ," ಅಂದರು. ತಮ್ಮ ಇದ್ದಾನೆಂಬುದು ನನಗೆ ಆಗಲೇ ಗೊತ್ತಾದದ್ದು. ಫಾರ್ಮು ತುಂಬುವಾಗ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಏಳನೇ ದಿನ ಅವರ ಫೋನು ಬಂದಾಗ ಸದಾಶಿವಗಡದ ಒಂದು ಕುಟುಂಬ ಎದುರಿಗೆ ಕೂತಿತ್ತು. ಐದು ಜನರ ಪಾಸ್‌ಪೋರ್ಟು ಮೇಜಿನ ಮೇಲೆ ಹರಡಿತ್ತು.

"ನಿನ್ನೆ ದೊಡ್ಡ ಸ್ತೂಪ ನೋಡೂಕೆ ಹೋಗಿದ್ದೆ, ಬಾಯಿ," ಎಂದು ಶುರು ಮಾಡಿದರು.

"ನಾಯ್ಕರೇ, ಗಿರಾಕಿ ಇದಾರೆ. ಆಮೇಲೆ ಮಾಡ್ತೀರಾ?"

"ಹೌದಾ, ಹೌದಾ. ನಿಮ್ಮ ಕೆಲಸ ಮಾಡ್ಕೊಳ್ಳಿ," ಎಂದು ಇಟ್ಟುಬಿಟ್ಟರು.

ಆ ದಿನ ಮತ್ತೆ ಮಾಡಲಿಲ್ಲ. ಮರುದಿನ ಹನ್ನೊಂದು ಹೊಡೆಯಿತು, ಹನ್ನೊಂದೂವರೆಯಾಯಿತು. ಮೊದಲು ಸ್ವಲ್ಪ ಹಗುರವೆನಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ನಾನೇ ಮಾಡಿದೆ. ರಿಂಗಾಗಿ ನಿಂತಿತು. ಸಂಜೆ ಬಸ್ಸಿನಲ್ಲಿ ಕೂತು ಇನ್ನೆರಡು ಸಲ ಮಾಡಿದೆ.

ಒಂಬತ್ತನೇ ದಿನ ಬೆಳಿಗ್ಗೆ ಅಪರಿಚಿತ ವಿದೇಶಿ ನಂಬರಿನಿಂದ ಕರೆ ಬಂತು. ನಾಯ್ಕರು ಉಳಿದುಕೊಂಡಿದ್ದ ಗೆಸ್ಟ್‌ಹೌಸಿನ ಒಡತಿ, ನೋಯ್ ಎಂಬ ಹೆಂಗಸು. ವಿಮೆಯ ಕಾಗದದಲ್ಲಿದ್ದ ನನ್ನ ನಂಬರು ನೋಡಿ ಮಾಡಿದ್ದಳು. ಅವಳ ಇಂಗ್ಲಿಷು ತುಂಡು ತುಂಡಾಗಿತ್ತು, ಆದರೂ ಅರ್ಥವಾಯಿತು.

"ನಿಮ್ಮ ಅಪ್ಪ ಎರಡು ದಿನದಿಂದ ಊಟ ಮಾಡಿಲ್ಲ. ಜ್ವರ. ಕಾಲು ತುಂಬ ಕೆಟ್ಟಿದೆ."

"ಅವರು ನನ್ನ ಅಪ್ಪ ಅಲ್ಲ," ಅಂದೆ.

"ಹಾಗಾದರೆ ನೀವು ಯಾರು?"

"ಟಿಕೆಟ್ ಮಾಡಿಕೊಟ್ಟವಳು," ಅಂದೆ. "ಇರಲಿ. ಇನ್ಯಾರ ಹೆಸರೂ ಇಲ್ಲ. ನೀವೇ ಹೇಳಿ, ಏನು ಮಾಡಲಿ?" ಎಂದಳು.

ಆಸ್ಪತ್ರೆಗೆ ಒಯ್ಯಲು ಹೇಳಿದೆ. ಒಯ್ದಳು. ಅಲ್ಲಿನ ವೈದ್ಯರಿಂದ ಪೂರ್ತಿ ವಿಷಯ ತಿಳಿಯಿತು. ಸ್ತೂಪದ ಸುತ್ತಲಿನ ಅಂಗಳದಲ್ಲಿ ನಾಯ್ಕರು ನಡು ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದರು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಹೋಗುತ್ತದೆ. ಕಾದ ಹಾಸುಗಲ್ಲು ಸುಟ್ಟದ್ದು ಅವರಿಗೆ ಗೊತ್ತಾಗಿರಲಿಲ್ಲ. ಬೊಬ್ಬೆಯೆದ್ದು, ಒಡೆದು, ನಂಜಾಗಿತ್ತು. ಚಪ್ಪಲಿ ಬಿಡಿ ಎಂದು ಬರೆದವಳು ನಾನು. ಸಕ್ಕರೆ ಕಾಯಿಲೆಗೆ ಟಿಕ್ ಮಾಡಿದವಳೂ ನಾನೇ. ಎರಡೂ ಒಂದೇ ಮನುಷ್ಯನ ಕಾಗದಗಳು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಕಾಲುಚೀಲ ಹಾಕಿಕೊಳ್ಳಿ, ಬೆಳಿಗ್ಗೆ ಬೇಗ ಹೋಗಿ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ನದಿ ಸೇತುವೆ ದಾಟಿಸಿ ಥಾಯ್ಲೆಂಡಿನ ದೊಡ್ಡ ಆಸ್ಪತ್ರೆಗೆ ಸೇರಿಸಿ ಶಸ್ತ್ರಚಿಕಿತ್ಸೆ ಮಾಡಬೇಕು, ತಡವಾದರೆ ಪಾದವೇ ಹೋಗಬಹುದು ಎಂದರು ವೈದ್ಯರು. ನಾಯ್ಕರು ಜ್ವರದಲ್ಲಿ ಬಡಬಡಿಸುತ್ತಿದ್ದರು, ಸಹಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ವಿಮೆಯವರು ನನ್ನನ್ನು ಕೇಳಿದರು: "ನೀವು ರೋಗಿಗೆ ಏನಾಗಬೇಕು?" 'ಇತರೆ' ಸಾಲುವುದಿಲ್ಲವೆಂದರು. ರಕ್ತಸಂಬಂಧಿಯ ಒಪ್ಪಿಗೆ ಬೇಕು.

ಕಂಪ್ಯೂಟರು ಆರಿಸಿ ಅಂಕೋಲೆಯ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಕೇಣಿಗೆ. ನಾಯ್ಕರ ತಮ್ಮ ಗಣಪತಿಯ ಮನೆ ಎಂದು ಮೂರು ಕಡೆ ಕೇಳಿದ ಮೇಲೆ ಸಿಕ್ಕಿತು. ಆತ ತರಕಾರಿ ಸಾಲಿಗೆ ನೀರು ಬಿಡುತ್ತಿದ್ದ. ಮುಖ ಅಣ್ಣನದೇ, ಬಿಸಿಲಿಗೆ ಇನ್ನಷ್ಟು ಕಪ್ಪಾಗಿತ್ತು. ವಿಷಯ ಹೇಳಿದೆ. ಅವನು ನೀರು ನಿಲ್ಲಿಸಲಿಲ್ಲ.

"ಅಂವ ಈ ಮನೆಗೆ ಬರೂದು ಬಿಟ್ಟು ಹನ್ನೊಂದು ವರ್ಸ ಆಯ್ತು. ಅಮ್ಮ ಸತ್ತ ದಿನ ಹಡಗು ಬರೂದಿತ್ತಂತೆ. ಡ್ಯೂಟಿ ಮುಗ್ಸಿ ಬಂದ. ಅಷ್ಟೊತ್ತಿಗೆ ನಾವು ಎಲ್ಲಾ ಮುಗ್ಸಿದ್ವಿ. ನಾ ಒಂದು ಮಾತು ಅಂದೆ, ಅಂವ ಒಂದು ಅಂದ. ಅಷ್ಟೇ."

"ಪಾದ ಹೋಗ್ತದಂತೆ, ಗಣಪತಿಯವರೇ."

ಆತ ಆಗ ಕೊಳವೆ ಕೆಳಗಿಟ್ಟ. ಪಂಚೆಗೆ ಕೈ ಒರೆಸಿಕೊಂಡು, "ಎಲ್ಲಿ ಸಹಿ ಮಾಡೂದು?" ಎಂದ.

ವಿಮೆಯವರು ಕೇಳಿದ್ದ ಒಪ್ಪಿಗೆಯ ಕಾಗದವನ್ನು ಮುದ್ರಿಸಿ ತಂದಿದ್ದೆ; ಅದಕ್ಕೆ ಗದ್ದೆಯ ಕಟ್ಟೆಯ ಮೇಲೇ ಸಹಿ ಹಾಕಿದ. ಫೋಟೋ ತೆಗೆದು ವಿಮೆಯವರಿಗೆ ಕಳಿಸಿದೆ. ನೋಯ್‌ಗೆ ಫೋನ್ ಮಾಡಿ, ಫೋನನ್ನು ನಾಯ್ಕರ ಕಿವಿಗೆ ಹಿಡಿಯಲು ಹೇಳಿ, ನನ್ನ ಮೊಬೈಲನ್ನು ಗಣಪತಿಯ ಕೈಗೆ ಕೊಟ್ಟೆ. ಆತ ಬಹಳ ಹೊತ್ತು ಸುಮ್ಮನೆ ಹಿಡಿದುಕೊಂಡು ನಿಂತ. ಕೊನೆಗೆ, "ದತ್ತಾ, ಡಾಕ್ಟ್ರು ಹೇಳ್ದಂಗೆ ಕೇಳು. ಹಟ ಮಾಡ್ಬೇಡ," ಎಂದಷ್ಟೇ ಹೇಳಿ ವಾಪಸು ಕೊಟ್ಟ. ಅತ್ತ ನಾಯ್ಕರು ಕೇಳಿಸಿಕೊಂಡರೋ ಇಲ್ಲವೋ ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಕಾಲಿನ ಎರಡು ಬೆರಳು ಹೋದವು. ಪಾದ ಉಳಿಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದರು. ನೋಯ್ ಎರಡು ಸಲ ಸೇತುವೆ ದಾಟಿ ನೋಡಿ ಬಂದಳು. ತನಗೂ ಅಂಥ ವಯಸ್ಸಿನ ಚಿಕ್ಕಪ್ಪನಿದ್ದಾನೆ ಎಂದು ಬಿಟ್ಟರೆ ಬೇರೆ ಕಾರಣ ಹೇಳಲಿಲ್ಲ. ನಾಯ್ಕರು ಮರಳುವ ದಿನವನ್ನು ಗಣಪತಿಗೆ ತಿಳಿಸಿದೆ. "ಸಹಿ ಮಾಡ್ದೆ ಅಲ್ದಾ," ಎಂದ. ಹಾಗಾಗಿ ಬಾಡಿಗೆ ಕಾರು ಮಾಡಿಕೊಂಡು ಗೋವಾ ವಿಮಾನ ನಿಲ್ದಾಣಕ್ಕೆ ನಾನೇ ಹೋದೆ. ಗಾಲಿಕುರ್ಚಿಯಲ್ಲಿ ಬಂದರು, ಅದೇ ಬಿಳಿ ಅಂಗಿ, ಈಗ ಹೆಗಲಲ್ಲಿ ಸಡಿಲ. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಗಣಪತಿ ಬರಲಿಲ್ವಾ?"

"ಇಲ್ಲ, ನಾಯ್ಕರೇ."

ಕಾರು ಗೋವಾ ಗಡಿಯ ಹತ್ತಿರದ ಕಾಣಕೋಣ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. "ಅವತ್ತು ಕಾಲು ಕೆಂಪಾಗಿದೆ, ಎಂತ ಮಾಡೂದು ಅಂತ ಕೇಳೂಕೇ ಫೋನ್ ಮಾಡಿದ್ದೆ. ನೀವು ಗಿರಾಕಿ ಇದಾರೆ ಅಂದ್ರಿ. ಸರಿ, ನಾನೂ ಒಬ್ಬ ಗಿರಾಕಿನೇ ಅಲ್ದಾ ಅಂತ ಅನ್ನಿಸ್ತು. ಆಮೇಲೆ ಯಾರಿಗೂ ಹೇಳೂದು ಬೇಡ ಅಂತ ಮಲಗಿಬಿಟ್ಟೆ." ಸಿಟ್ಟಿನಿಂದ ಹೇಳಿದ್ದರೆ ನಾನು ಉತ್ತರ ಕೊಡಬಹುದಿತ್ತು. ಹವೆಯ ವರದಿ ಕೊಡುವ ಧ್ವನಿಯಲ್ಲೇ ಹೇಳಿದ್ದರು.

ಬೈತಖೋಲದ ಕೋಣೆಗೆ ಬಿಟ್ಟು ಬಂದೆ. ಮೊದಲ ಒಂದು ತಿಂಗಳು ವಾರಕ್ಕೊಮ್ಮೆ ಹೋಗಿ ಬಂದೆ. ಹೋದಾಗಲೆಲ್ಲ ಕುರ್ಚಿ ಒರೆಸಿ ಕೊಟ್ಟು, ಚಹಾ ಮಾಡಿ, ನಾನು ಯಾವಾಗ ಹೊರಡುವೆನೋ ಎಂಬಂತೆ ಕೂರುತ್ತಿದ್ದರು. ತಮ್ಮ ಗತಿಯಿಲ್ಲದ ಸ್ಥಿತಿಯನ್ನು ಕಂಡವಳ ಎದುರು ಕೂರುವುದು ಅವರಿಗೆ ಕಷ್ಟವಾಗುತ್ತಿತ್ತು ಎಂದು ಕಾಣುತ್ತದೆ. ನಿಧಾನಕ್ಕೆ ನಾನು ಹೋಗುವುದು ನಿಂತಿತು. ಕೇಣಿಗೆ ಅವರು ಹೋಗಲಿಲ್ಲ, ಅಲ್ಲಿಂದ ಇವರಲ್ಲಿಗೆ ಯಾರೂ ಬರಲಿಲ್ಲ. ಪೇಟೆಯಲ್ಲಿ ಈಗಲೂ ಒಮ್ಮೊಮ್ಮೆ ಕಾಣುತ್ತಾರೆ, ಕೋಲು ಊರಿಕೊಂಡು, ರಸ್ತೆಯ ಆಚೆ ಬದಿಯಲ್ಲಿ. ಕೈ ಎತ್ತುತ್ತಾರೆ. ನಾನೂ ಎತ್ತುತ್ತೇನೆ.

ಸಲಹಾಪಟ್ಟಿಯನ್ನು ನಾನೀಗ ಕಾಯಿಲೆಯ ವಿವರ ಎದುರಿಗಿಟ್ಟುಕೊಂಡೇ ಬರೆಯುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಕಾಲುಚೀಲ, ಬಿಪಿಯವರಿಗೆ ನಡುಹಗಲಲ್ಲಿ ನೆರಳು. ಅದನ್ನು ಯಾರು ಬೇಕಾದರೂ ಕಲಿಯಬಹುದು. ಈ ಕೆಲಸ ನನಗೆ ಕಲಿಸಿದ್ದು ಇನ್ನೊಂದು ಇದೆ. ಒಬ್ಬರೇ ಹೊರಟ ಪ್ರಯಾಣಿಕರಿಗೆ ಮೂರನೇ ದಿನ ನಾನೇ ಫೋನ್ ಮಾಡುತ್ತೇನೆ, ಎದುರಿಗೆ ಯಾರೇ ಕೂತಿರಲಿ. ಕೆಲವರಿಗೆ ಕಿರಿಕಿರಿಯಾಗುತ್ತದೆ. ಹೆಚ್ಚಿನವರು ಎಲ್ಲಾ ಚೆನ್ನಾಗಿದೆ ಎನ್ನುತ್ತಾರೆ. ಹಾಗೆಂದ ಮೇಲೂ ನಾನು ಫೋನ್ ಇಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡೇ ಇರುತ್ತೇನೆ. ಹೇಳುವುದೇನಾದರೂ ಇದ್ದರೆ ಅದು ಬರುವುದು ಆಗಲೇ.