ಸಿಡಿಯದ ಕೋವಿಯ ಸ್ಪ್ರಿಂಗು

ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ಉಜ್ಜುತ್ತ ಆಯುಷ್ಯ ಸವೆಸಿ ಸ್ವಯಂನಿವೃತ್ತಿ ಪಡೆದವನಿಗೆ ಮನೆಯಲ್ಲಿ ಸುಮ್ಮನೆ ಕೂರುವ ವಿದ್ಯೆ ಬರುವುದಿಲ್ಲ. ಡೊಂಬಿವಲಿಯ ನಮ್ಮ ಫ್ಲಾಟಿನ ಎಲ್ಲ ಬಾಗಿಲುಗಳಿಗೂ ಎಣ್ಣೆ ಹಾಕಿ ಮುಗಿಸಿದ್ದೆ. ಮಿಕ್ಸರನ್ನು ಬಿಚ್ಚಿ ಜೋಡಿಸಿ, ಮುಂದೆ ಅದನ್ನು ಮುಟ್ಟಕೂಡದೆಂಬ ಆಜ್ಞೆಯನ್ನೂ ಹೆಂಡತಿಯಿಂದ ಪಡೆದಿದ್ದೆ. ಆ ಹೊತ್ತಿಗೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದರು. ಅವರು ಕಲ್ಯಾಣದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರು. ವರ್ಷದ ಕೊನೆಗೆ ಠಾಣೆಯ ಸಭಾಗೃಹದಲ್ಲಿ ಸಂಘದ ನಾಟಕವಿತ್ತು. ಕರಾವಳಿಯ ರೈತರು ಕುಂಪಣಿಯ ವಿರುದ್ಧ ದಂಗೆಯೇಳುವ ಕಥೆ. ಕೊನೆಯ ದೃಶ್ಯದಲ್ಲಿ ಸಿಪಾಯಿಯೊಬ್ಬ ನಾಯಕನಿಗೆ ಗುಂಡಿಕ್ಕಬೇಕು.

"ಒಂದು ಕೋವಿ ಮಾಡಿ ಕೊಡಿ ಮಾರಾಯ್ರೆ. ಪ್ಲೈವುಡ್ಡಿನದ್ದಾದ್ರೂ ಸಾಕು."

ಸಾಕು ಎಂಬ ಶಬ್ದವನ್ನು ಟೂಲ್ ರೂಮಿನಲ್ಲಿ ನಾವು ಬೈಗುಳವೆಂದು ಪರಿಗಣಿಸುತ್ತಿದ್ದೆವು.

ಚಿಕ್ಕಂದಿನಲ್ಲಿ ಊರಿನ ನೆರೆಮನೆಯವರು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಉದ್ದ ಕೋವಿಯೊಂದನ್ನು ಒರೆಸುವುದನ್ನು ನೋಡಿದ್ದೆ. ಒರೆಸಿ ಮುಗಿದ ಮೇಲೆ ಅವರು ಖಾಲಿ ಕೋವಿಯ ಕುದುರೆಯನ್ನು, ಅಂದರೆ ಸುತ್ತಿಗೆಯಂತೆ ಬಂದು ಬಡಿಯುವ ಆ ಕಬ್ಬಿಣದ ಕೊಕ್ಕೆಯನ್ನು, ಎಳೆದು ಬಿಡುತ್ತಿದ್ದರು. ಟಕ್ ಎಂಬ ಆ ಸದ್ದು ಒಣಗಿದ, ಅಧಿಕಾರಯುತವಾದ ಸದ್ದು. ಅದನ್ನು ತುಂಬಿದ ಸಭೆಗೆ ಒಮ್ಮೆ ಕೇಳಿಸಬೇಕು ಎಂಬುದೊಂದೇ ನನ್ನ ಆಸೆಯಾಯಿತು.

ಲೈಸೆನ್ಸಿಲ್ಲದೆ ಸಿಡಿಯುವ ಕೋವಿ ಮಾಡಿದರೆ ಸರಕಾರ ಊಟ ಹಾಕಿ ಕೂರಿಸುತ್ತದೆ. ಆದ್ದರಿಂದ ನಳಿಗೆಯ ಜಾಗಕ್ಕೆ ಗಟ್ಟಿ ಸರಳು ಹಾಕಿ, ತುದಿಯಲ್ಲಿ ಮಾತ್ರ ಕಿರುಬೆರಳ ಉಗುರಿನಷ್ಟು ಆಳ ಕೊರೆದೆ. ಮಿಕ್ಕದ್ದೆಲ್ಲ ಸತ್ಯವಾಗಿಯೇ ಇರತಕ್ಕದ್ದೆಂದು ತೀರ್ಮಾನಿಸಿದೆ. ಅಂಬರನಾಥದ ಹಳೆ ಮರದಂಗಡಿಯಿಂದ ಯಾರದೋ ಮನೆಯ ಬಾಗಿಲಾಗಿದ್ದ ಸಾಗುವಾನಿ ತಂದೆ. ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ರೂಪಕ್ಕೆ ತಂದೆ. ಅದು ಬಡಿಯುವಂತೆ ಮಾಡುವ ಸ್ಪ್ರಿಂಗನ್ನು ಹಳೆ ಗರಗಸದ ಅಲಗಿನಿಂದ ಮಾಡಿ, ಗ್ಯಾಸಿನ ಒಲೆಯ ಮೇಲೆ ಹದ ಕೊಟ್ಟೆ. ಮೊದಲನೆಯದು ಮುರಿಯಿತು, ಎರಡನೆಯದು ಬಾಳೆನಾರಿನಂತೆ ಬಗ್ಗಿತು. ಮೂರನೆಯದು ನಿಂತಿತು.

"ದೋಸೆ ಕಾವಲಿಯಲ್ಲಿ ಕಬ್ಬಿಣ ಕಾಯಿಸುವವ್ರನ್ನು ಇವತ್ತೇ ನೋಡಿದ್ದು," ಎಂದಳು ಹೆಂಡತಿ. "ಮಧ್ಯಾಹ್ನಕ್ಕೆ ಇದನ್ನೇ ಬಡಿಸ್ಲಾ?"

ಕಬ್ಬಿಣದ ಭಾಗಗಳನ್ನು ಮರದೊಳಗೆ ಕೂರಿಸಲು ಒಂದು ಕ್ರಮವಿದೆ. ಕಬ್ಬಿಣಕ್ಕೆ ದೀಪದ ಮಸಿ ಹಚ್ಚಿ ಮರಕ್ಕೆ ಒತ್ತಬೇಕು, ಮರದಲ್ಲಿ ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮಾತ್ರ ಕೆರೆಯಬೇಕು, ಮತ್ತೆ ಒತ್ತಬೇಕು. ಇಡೀ ಬೇಸಿಗೆ ಇದನ್ನೇ ಮಾಡಿದೆ. ಮೇ ತಿಂಗಳ ಕೊನೆಗೆ ಮರಕ್ಕೂ ಕಬ್ಬಿಣಕ್ಕೂ ನಡುವೆ ಕಾಗದದ ಚೂರೂ ಹೋಗದಂತಾಯಿತು. ಕುದುರೆ ಬಿಟ್ಟೆ. ಟಕ್. ಆ ದಿನ ನಾನು ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟಿನವನಿಗೂ ನಮಸ್ಕಾರ ಹೇಳಿದೆ.

ಜೂನಿನಲ್ಲಿ ಮಳೆ ಬಂತು, ಸಾಗುವಾನಿ ಉಬ್ಬಿತು, ಕುದುರೆ ಅರ್ಧ ದಾರಿಯಲ್ಲಿ ನಿಂತು ಕದಲಲೊಲ್ಲದೆ ಹೋಯಿತು. ಮರವನ್ನು ಉಕ್ಕೆಂದು ತಿಳಿದು ಕೂದಲೆಳೆಯಷ್ಟೂ ಸಂದು ಬಿಡದೆ ಕೂರಿಸುವ ಮೂರ್ಖತನ ಟೂಲ್ ರೂಮಿನವನಿಗಲ್ಲದೆ ಬೇರೆ ಯಾರಿಗೂ ಸಾಧ್ಯವಿಲ್ಲ. ಕೆರೆದೆ. ಅಕ್ಟೋಬರಿನ ಬಿಸಿಲಿಗೆ ಮರ ಕುಗ್ಗಿ ಎಲ್ಲವೂ ಗಡಗಡ ಅಲ್ಲಾಡತೊಡಗಿತು. ಕೆರೆದ ಮರವನ್ನು ವಾಪಸು ಕೆರೆಯಲಾಗುವುದಿಲ್ಲ. ತೆಳು ಚಕ್ಕೆಗಳನ್ನು ಅಂಟಿಸಿ, ಮತ್ತೆ ಮಸಿ ಹಚ್ಚಿ, ಮೊದಲಿನಿಂದ ಶುರು ಮಾಡಿದೆ. ಟವೆಲ್ಲುಗಳೆಲ್ಲ ಕಪ್ಪಾದವು. ಮಗಳು ಮರಾಠಿಯಲ್ಲಿ ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತ ನನ್ನ ಬಗ್ಗೆ ಬಳಸಿದ ಪದವನ್ನು ಇಲ್ಲಿ ಬರೆಯುವುದಿಲ್ಲ.

ಅಂತೂ ನಾಟಕದ ದಿನ ಬೆಳಿಗ್ಗೆ ಟಕ್ ಎಂದಿತು.

ಕೋವಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಹೆಂಡತಿಯೊಡನೆ ಲೋಕಲ್ ಟ್ರೇನಿನ ಲಗೇಜ್ ಡಬ್ಬಿ ಹತ್ತಿದೆ. ಸ್ಟೇಶನ್ನುಗಳಲ್ಲಿ ತಪಾಸಣೆಯ ಮೆಟಲ್ ಡಿಟೆಕ್ಟರ್ ಚೌಕಟ್ಟುಗಳು ಹೊಸದಾಗಿ ಎದ್ದಿದ್ದ ಕಾಲವದು. ಠಾಣೆಯ ಸೇತುವೆ ಇಳಿಯುವಾಗ ಪೊಲೀಸನೊಬ್ಬ ಲಾಠಿಯಿಂದ ಬೆಡ್‌ಶೀಟನ್ನು ತಿವಿದು ಇದೇನೆಂದು ಕೇಳಿದ.

"ಕಾಯ್ ಆಹೇ ಹೇ, ಕಾಕಾ?"

"ನಾಟಕಾಚಿ ಬಂದೂಕ್," ಎಂದೆ. ಬಂದೂಕ್ ಎಂಬ ಶಬ್ದ ಕೇಳಿದ ಮೇಲೆ ಅದರ ಹಿಂದಿನ ಶಬ್ದ ಆತನ ಕಿವಿಗೆ ಬೀಳಲಿಲ್ಲ.

ಆತ ನಮ್ಮನ್ನು ಕರೆದೊಯ್ದ ಪೊಲೀಸ್ ಚೌಕಿಯಲ್ಲಿ ಸಾಹೇಬರು ಕೋವಿಯನ್ನು ಮೇಜಿನ ಮೇಲೆ ಮಲಗಿಸಿ ನೋಡಿದರು. ವರ್ಷವಿಡೀ ಅದು ಅಸಲಿಯಂತಿರಲೆಂದು ಒದ್ದಾಡಿದವನು ಈಗ ಅದು ಶುದ್ಧ ನಕಲಿ, ಯಾವ ಕೆಲಸಕ್ಕೂ ಬಾರದ್ದು, ಒಂದು ಸೊಳ್ಳೆಯೂ ಇದರಿಂದ ಸಾಯದು ಎಂದು ಕೈಮುಗಿದು ವಾದಿಸಿದೆ. ಸರಳು ಗಟ್ಟಿಯೆಂದು ತೋರಿಸಲು ಊದುಕಡ್ಡಿಯನ್ನು ಕೋವಿಯ ಬಾಯೊಳಗೆ ತೂರಿಸಿದೆ, ಅದು ಉಗುರಿನಾಳಕ್ಕೇ ನಿಂತಿತು. ಅವರಿಗೆ ನಂಬಿಕೆ ಬರುತ್ತಿರುವಾಗಲೇ ಕುದುರೆಯನ್ನು ಎಳೆದು ಬಿಟ್ಟರು.

ಟಕ್.

ಇಡೀ ಚೌಕಿ ತಿರುಗಿ ನೋಡಿತು. ಅಷ್ಟು ಚೆನ್ನಾಗಿ ಅದು ಮನೆಯಲ್ಲೂ ಬಡಿದಿರಲಿಲ್ಲ.

"ಹೇ ಚಾಲತೆ ನಾ!" ಎಂದರು ಸಾಹೇಬರು. ಇದು ನಡೆಯುತ್ತದಲ್ಲ! ನಡೆಯುವ ಬಂದೂಕು ಸಭಾಗೃಹಕ್ಕೆ ಹೋಗಕೂಡದು. ನಡೆಯದಂತೆ ಮಾಡಿದರೆ ಒಯ್ಯಬಹುದು.

ಪರದೆ ಏಳುವ ಹೊತ್ತು ಹತ್ತಿರವಾಗಿತ್ತು. ಕಾರ್ಯದರ್ಶಿಗಳು ನನ್ನ ಮೊಬೈಲಿಗೆ ಒಂದೇ ಸಮನೆ ಫೋನು ಮಾಡುತ್ತಿದ್ದರು. ಚೌಕಿಯದೇ ಸ್ಕ್ರೂಡ್ರೈವರ್ ಇಸಿದುಕೊಂಡು ಸ್ಪ್ರಿಂಗನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಸಾಹೇಬರು ಅದನ್ನು ಡ್ರಾಯರಿನೊಳಗೆ ಹಾಕಿ, ಚಹಾ ಕುಡಿದು ಹೋಗಿ ಎಂದರು. ಕುಡಿದೆ. ಸಕ್ಕರೆ ಜಾಸ್ತಿಯಿತ್ತು.

ಕೊನೆಯ ದೃಶ್ಯದಲ್ಲಿ ಸಿಪಾಯಿ ಕೋವಿಯೆತ್ತಿದ. ಕುದುರೆ ಅಲ್ಲಾಡುವ ಹಲ್ಲಿನಂತೆ ಜೋತಾಡಿತು. ಅವನು ಟ್ರಿಗರನ್ನು ಅಮುಕಿದ್ದು ನನಗೆ ಕಂಡಿತು, ಏನೂ ಕೇಳಲಿಲ್ಲ. ಆ ಕ್ಷಣವೇ ಪರದೆಯ ಹಿಂದೆ ಯಾರೋ ಪಟಾಕಿ ಹಚ್ಚಿದರು. ನಾಯಕ ಬಿದ್ದ. ಸಭಾಗೃಹ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕಾರ್ಯದರ್ಶಿಗಳು ಬಂದು ಬೆನ್ನು ತಟ್ಟಿದರು. "ನೋಡಿದ್ರಾ? ಸ್ಪ್ರಿಂಗು ಇಲ್ಲದೆಯೂ ಆಯ್ತಲ್ಲ! ನೀವು ಸುಮ್ನೆ ತಲೆಬಿಸಿ ಮಾಡ್ಕೊಂಡ್ರಿ."

ಅವರ ಮಾತಿನಲ್ಲಿ ಒಂದು ತಪ್ಪಾದರೂ ಸಿಕ್ಕಿದ್ದರೆ ನನಗೆ ಆ ರಾತ್ರಿ ಊಟ ಸೇರುತ್ತಿತ್ತು.

ಸ್ಪ್ರಿಂಗು ಕೇಳಲು ಆಮೇಲೆ ಹಲವು ಬಾರಿ ಚೌಕಿಗೆ ಹೋದೆ. ಒಮ್ಮೆ ಸಾಹೇಬರು ರಜೆಯಲ್ಲಿದ್ದರು, ಒಮ್ಮೆ ಡ್ರಾಯರಿನ ಕೀಲಿಕೈ ರಜೆಯಲ್ಲಿತ್ತು, ಕೊನೆಗೆ ಸಾಹೇಬರಿಗೇ ವರ್ಗವಾಯಿತು. ಹೊಸಬರು "ಕಸಲಾ ಸ್ಪ್ರಿಂಗ್?" ಎಂದರು. ಯಾವ ಸ್ಪ್ರಿಂಗು ಎಂದು ವಿವರಿಸಬೇಕಾದರೆ ಯಾವ ಬಂದೂಕು ಎಂಬಲ್ಲಿಂದ ಶುರು ಮಾಡಬೇಕಿತ್ತು. ಗಡಿಯಾರದ್ದು ಎಂದು ಹೇಳಿ ಹೊರಬಂದೆ.

"ಇನ್ನೊಂದು ಮಾಡಿದ್ರಾಯ್ತಲ್ಲ, ಅದಕ್ಕೆಂತ ಮುಖ ಊದಿಸ್ಕೊಂಡು ಕೂತದ್ದು?" ಎಂದಳು ಹೆಂಡತಿ. "ಕಾವಲಿ ಹೇಗೂ ಹಾಳಾಗಿಯೇ ಉಂಟು."

ಗರಗಸದ ಅಲಗು ತಂದಿಟ್ಟೆ. ಅಷ್ಟರಲ್ಲಿ ಮತ್ತೆ ಜೂನ್ ಬಂತು, ಮರ ಉಬ್ಬಿತು.