ಏಳೂಕಾಲು ಎಂಬ ಚಿಟ್ಟೆ

ಆ ದಿನ ಬಲಿಪಾಡ್ಯಮಿ, ಸೋಮವಾರ. ಆರು ವರ್ಷಗಳ ಹಿಂದಿನ ಪಂಚಾಂಗವನ್ನೂ ನನ್ನ ಕ್ಷೇತ್ರ ದಿನಚರಿಯನ್ನೂ ಎದುರುಬದುರಿಟ್ಟು ನೋಡಿದ್ದೇನೆ. ತಿಥಿ, ವಾರ ಎರಡೂ ಹೊಂದುತ್ತವೆ. ಇಂಥ ಪ್ರಸಂಗಗಳನ್ನು ಯಾರಾದರೂ ಹೇಳಿದಾಗ ನಾನು ಮೊದಲು ದಿನಾಂಕ ಕೇಳುತ್ತಿದ್ದೆ. ದಿನಾಂಕ ಖಚಿತವಾದರೆ ಅರ್ಧ ವಿಚಿತ್ರ ಅಲ್ಲೇ ಕರಗುತ್ತದೆಂದು ನಂಬಿದ್ದೆ. ಈಗ ಹೇಳಬೇಕಾದವನು ನಾನೇ ಆಗಿದ್ದೇನೆ.

ಬೈರಕೂರಿನಿಂದ ನಂಗಲಿಯ ಕಡೆಗೆ ಹೋಗುವಾಗ ಒಂದು ಗೋಮಾಳವಿದೆ. ಅಲ್ಲಿಯ ಪುಟ್ಟ ನೀಲಿ ಚಿಟ್ಟೆಗಳನ್ನು ನಾನು ಹಲವು ವರ್ಷ ಅಭ್ಯಾಸ ಮಾಡಿದೆ. ಉಗುರಿನಷ್ಟು ಗಾತ್ರ; ಮೊಣಕಾಲಿಗಿಂತ ಮೇಲೆ ಹಾರುವುದು ಅಪರೂಪ. ಸಂಜೆಯಾದರೆ ಐದಾರು ಒಟ್ಟುಗೂಡಿ, ಹುಲ್ಲಿನ ಒಣಕಡ್ಡಿಗಳಲ್ಲಿ ರೆಕ್ಕೆ ಮುಚ್ಚಿ ತಲೆಕೆಳಗಾಗಿ ಮಲಗುತ್ತವೆ. ರೆಕ್ಕೆ ಬಂದ ಮೇಲೆ ಅವುಗಳ ಆಯುಷ್ಯ ಒಂದು ವಾರ, ಹೆಚ್ಚೆಂದರೆ ಎರಡು.

ಒಂದೊಂದನ್ನೂ ಗುರುತಿಸಲು ಎಡ ಹಿಂರೆಕ್ಕೆಯ ಮೇಲೆ ಹಸಿರು ಬಣ್ಣದ ಚುಕ್ಕೆ ಇಡುತ್ತಿದ್ದವರು ರಹಮತ್ ಸಾಬರು. ಮುಳಬಾಗಿಲಿನಲ್ಲಿ ಗಡಿಯಾರ ರಿಪೇರಿ ಅವರ ಕಸುಬು. ವಯಸ್ಸಿನಲ್ಲಿ ನನಗೆ ಓರಗೆಯವರು. ದುಂಡು ರೆಕ್ಕೆಯನ್ನೇ ಗಡಿಯಾರದ ಮುಖವೆಂದುಕೊಂಡು, ಗಂಟೆಯ ಜಾಗಕ್ಕೊಂದು ದಪ್ಪ ಚುಕ್ಕೆ, ನಿಮಿಷದ ಜಾಗಕ್ಕೊಂದು ಸಣ್ಣ ಚುಕ್ಕೆ ಇಡುತ್ತಿದ್ದರು. ಹೀಗೆ ಪ್ರತಿಯೊಂದು ಚಿಟ್ಟೆಗೂ ಒಂದು ಹೊತ್ತೇ ಹೆಸರು. ಒಬ್ಬರು ಹೊತ್ತು ಕೂಗಬೇಕು, ಇನ್ನೊಬ್ಬರು ಅದನ್ನೇ ಮರಳಿ ಹೇಳಬೇಕು, ಆಮೇಲೆ ಬರೆದುಕೊಳ್ಳಬೇಕು. ಇದು ನಮ್ಮ ಕ್ರಮವಾಗಿತ್ತು.

ಒಮ್ಮೆ ನಾನು ಊರಿನಲ್ಲಿಲ್ಲದಾಗ ಅವರೊಬ್ಬರೇ ಹೋಗಿ, ಎರಡು ತಿಂಗಳ ಹಿಂದೆ ಗುರುತು ಹಾಕಿದ್ದ 'ಏಳೂಕಾಲು' ಇನ್ನೂ ಬದುಕಿದೆಯೆಂದು ಬರೆದಿಟ್ಟಿದ್ದರು. ಸಾಧ್ಯವಿಲ್ಲ ಎಂದೆ.

"ನಿಮ್ಮ ಚಿಟ್ಟೆಗೆ ಹದಿನೈದೇ ದಿನ ವಾರಂಟಿ ಅಂತ ಬರೆದುಕೊಟ್ಟೋರು ಯಾರು ಸಾರ್?" ಎಂದು ಅವರು ನಕ್ಕರು.

"ಬೆಳಕು ಸಾಲದೆ ತಪ್ಪು ನೋಡಿದ್ದೀರಿ, ಸಾಬರೇ," ಎಂದು ಅವರೆದುರೇ ಆ ಸಾಲನ್ನು ಹೊಡೆದುಹಾಕಿದೆ.

ಅವರ ನಗು ನಿಂತಿತು. "ವಾಚೊಳಗಿನ ಕೂದಲೆಳೆ ಕಾಣೋ ಕಣ್ಣು ಇದು. ಹೊಡೆದುಹಾಕ್ರಿ ಸಾರ್, ಪುಸ್ತಕ ನಿಮ್ದು. ನಾನು ನೋಡಿದ್ದಂತೂ ನೋಡಿದ್ದೇ."

ಮತ್ತೆ ಅವರು ಗೋಮಾಳಕ್ಕೆ ಬರಲಿಲ್ಲ. ಅಂಗಡಿಗೆ ಹೋಗಿ ಮಾತಾಡಿಸಬೇಕೆಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಅಷ್ಟರಲ್ಲಿ ಅವರು ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಮಣ್ಣಾದ ಮೂರನೆಯ ದಿನ.

ಅದರ ಮುಂದಿನ ವರ್ಷದ ಬಲಿಪಾಡ್ಯಮಿಯಂದು ಒಬ್ಬನೇ ಗೋಮಾಳಕ್ಕೆ ಹೋದೆ. ಇಳಿಬಿಸಿಲಿತ್ತು, ಹುಲ್ಲಿನ ತುದಿಗಳೆಲ್ಲ ಹೊಂಬಣ್ಣಕ್ಕೆ ತಿರುಗಿದ್ದವು. ಒಂದೇ ಗಿಡ್ಡ ಪೊದೆಯಲ್ಲಿ ಆರು ಚಿಟ್ಟೆಗಳು ಮಲಗಿದ್ದವು. ಆರನೆಯದರ ಎಡ ಹಿಂರೆಕ್ಕೆಯಲ್ಲಿ ಎರಡು ಹಸಿರು ಚುಕ್ಕೆಗಳಿದ್ದವು. ಮಂಡಿಯೂರಿ ಭೂತಗನ್ನಡಿ ಹಿಡಿದೆ. ದಪ್ಪ ಚುಕ್ಕೆ ಏಳರ ಜಾಗದಲ್ಲಿ, ಸಣ್ಣದು ಮೂರರ ಜಾಗದಲ್ಲಿ. ನಮ್ಮ ಗುರುತಿನ ಕೆಲಸ ನಿಂತು ಮೂರು ವರ್ಷವಾಗಿತ್ತು. ಆ ಕೈ ಈ ಲೋಕದಲ್ಲೇ ಇರಲಿಲ್ಲ.

"ಏಳೂಕಾಲು," ಎಂದು ಗಟ್ಟಿಯಾಗಿ ಕೂಗಿದೆ. ಪೆನ್ನು ಹಿಡಿದು ಕಾದೆ. ಮರಳಿ ಹೇಳುವವರು ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ, ಜೀವನದಲ್ಲಿ ಮೊದಲ ಬಾರಿಗೆ ಕ್ರಮ ತಪ್ಪಿ, ನಾನೊಬ್ಬನೇ ಬರೆದುಕೊಂಡೆ. ಮರುದಿನ, ಹೊಡೆದುಹಾಕಿದ್ದ ಸಾಬರ ಸಾಲನ್ನು ಹೊಸದಾಗಿ ಬರೆದು, ಪಕ್ಕದಲ್ಲಿ 'ನಾನೂ ಕಂಡಿದ್ದೇನೆ' ಎಂದು ಸೇರಿಸಿ ಸಹಿ ಹಾಕಿದೆ. ಸತ್ತವರಿಗೆ ಸಲ್ಲಿಸಲು ನನ್ನ ಬಳಿ ಬೇರೇನೂ ಇರಲಿಲ್ಲ.

ಬೇರೆ ಯಾರಾದರೂ ನೀಲಿ ಚಿಟ್ಟೆಗಳಿಗೆ ಬಣ್ಣ ಹಾಕಿರಬಹುದೇ ಎಂದು ವಿಚಾರಿಸಿದೆ, ಹಾಕಿದವರು ಸಿಗಲಿಲ್ಲ. ಈ ಲೇಖನಕ್ಕಾಗಿ ಆ ದಿನದ ಹವೆಯನ್ನೂ ತಾಳೆ ನೋಡೋಣವೆಂದು ಕಳೆದ ತಿಂಗಳು ಬೈರಕೂರಿಗೆ ಹೋದೆ. ಅಲ್ಲಿ ಮಾವಿನ ತೋಪಿನ ಒಡತಿ ನಾಗರತ್ನಮ್ಮನವರು ಮಳೆಮಾಪಕ ಇಟ್ಟುಕೊಂಡು, ದಿನವೂ ತಪ್ಪದೆ ಬರೆಯುತ್ತಾರೆ.

"ಆ ಹಬ್ಬಾನಾ ಸಾರ್? ದನಗಳ್ನ ಹೊರಗೇ ಬಿಡಲಿಲ್ಲ. ಗೋಮಾಳಕ್ಕೆ ನೀವು ಹೆಂಗೆ ಹೋದ್ರಿ?" ಎನ್ನುತ್ತ ಪುಸ್ತಕ ತೆರೆದು ನನ್ನ ಮುಂದಿಟ್ಟರು.

ತಿಥಿ ಅದೇ, ವಾರ ಅದೇ. ನನ್ನ ದಿನಚರಿಯ ಪುಟದಲ್ಲಿ ಶಾಯಿ ಎಲ್ಲಿಯೂ ನೆನೆದು ಹರಡಿಲ್ಲ. ಅವರ ಪುಸ್ತಕದಲ್ಲಿ ಇರುವುದು ಇಷ್ಟು: 'ಬೆಳಿಗ್ಗೆಯಿಂದ ಕತ್ತಲಾಗುವ ತನಕ ಬಿಡದೆ ಮಳೆ. ಇಡೀ ದಿನ ಬಿಸಿಲು ಕಾಣಲಿಲ್ಲ.'