ಕೆಂಪನ್ನು ಹಸಿರು ಮಾಡುವ ನಂಬರು

ಅವರ ಹುಬ್ಬಿನ ಕೂದಲಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಹುಬ್ಬು ಗಂಟಿಕ್ಕಿದಾಗೆಲ್ಲ ಅದು ಅಲುಗುತ್ತಿತ್ತು, ಅಂದರೆ ದಿನವಿಡೀ. ಆದವಾನಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಅವರು ನನ್ನ ಸೂಪರ್‌ವೈಜರ್. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಬಂದ ಹತ್ತಿ ಎಷ್ಟು ಹಸಿ ಎಂದು ಮೀಟರು ಅಳೆಯುತ್ತಿತ್ತು. ಲೋಡು ಇಳಿಸಬೇಕೋ ಬೇಡವೋ ಎಂದು ಕಂಪ್ಯೂಟರು ಹೇಳುತ್ತಿತ್ತು. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ವಾಪಸ್. ಕೆಂಪನ್ನು ಹಸಿರು ಮಾಡಲು ಒಂದು ಗುಟ್ಟಿನ ನಂಬರಿತ್ತು, ಅದು ಅವರೊಬ್ಬರ ಹತ್ತಿರ. ಒತ್ತಿದರೆ ಅವರ ಹೆಸರು ದಾಖಲಾಗುತ್ತಿತ್ತು, ಅಳಿಸಲು ಬರುತ್ತಿರಲಿಲ್ಲ. ಒತ್ತುವ ಮೊದಲು ಮೊಳಕೈವರೆಗೆ ಹತ್ತಿಯೊಳಗೆ ಕೈ ತೂರಿಸಿ ಕಣ್ಣು ಮುಚ್ಚಿ ನಿಲ್ಲುವರು. ಡಿಗ್ರಿ ಓದಿದ ನಾನು ಕೈಕಟ್ಟಿ ಆ ನಾಟಕ ನೋಡಬೇಕು. ನನಗೂ ನಂಬರು ಕೊಡಿ ಎಂದರೆ, "ನಿನ್ನ ಕೈಗೆ ಇನ್ನಾ ಹತ್ತಿ ಗೊತ್ತಿಲ್ಲಪಾ" ಎಂದು ಹಮಾಲರ ಎದುರಿಗೇ ನಗುತ್ತಿದ್ದರು.

ಅವರ ಬೆರಳು ಹೋಗುವ ದಾರಿ ನೋಡಿ ನೋಡಿ ನಂಬರು ಕಲಿತೆ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಕೋಸಗಿಯಿಂದ ನನ್ನ ಸೋದರಮಾವ ಟ್ರ್ಯಾಕ್ಟರಿನಲ್ಲಿ ಹತ್ತಿ ತಂದ. ಕೆಂಪು ಬಂತು. ಅಳಿಯ ಇಲ್ಲಿ ಕೂತಿದ್ದೂ ವಾಪಸ್ ಹೋಗಬೇಕೇ ಎಂದು ಮಾವ ಮುಖ ಸಣ್ಣದು ಮಾಡಿದ. ಒತ್ತಿಬಿಟ್ಟೆ. ಹತ್ತಿಯನ್ನು ಮುಟ್ಟಿ ಕೂಡ ನೋಡಲಿಲ್ಲ.

ಮೂರನೇ ದಿನ ಮಾವನ ಹತ್ತಿ ಸುರಿದಿದ್ದ ರಾಶಿ ಒಳಗೊಳಗೇ ಕಾದು ಮುಗ್ಗು ವಾಸನೆ ಬಂತು. ಒಣ ಹತ್ತಿಯೂ ಹಳದಿಯಾಗಿತ್ತು. ಮಿಲ್ಲಿನ ಸಾವ್ಕಾರರು ಕಂಪ್ಯೂಟರಿನ ದಾಖಲೆ ತೆಗೆಸಿ ನೋಡಿದರು. ಅಲ್ಲಿ ಸೂಪರ್‌ವೈಜರ್ ಹೆಸರು. ಇದನ್ನು ಒತ್ತಿದ್ದು ನೀನೇನಾ ಎಂದು ಎಲ್ಲರೆದುರು ಅವರನ್ನು ಕೇಳಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಸೂಪರ್‌ವೈಜರ್ ನನ್ನನ್ನೊಮ್ಮೆ ನೋಡಿದರು.

"ನಂಬರ್ ನಂದೈತ್ರಿ. ತಪ್ಪು ನಂದ."

ಇಪ್ಪತ್ತು ವರ್ಷದ ಕೆಲಸ ಅವತ್ತೇ ಹೋಯಿತು. ಅವರ ಕುರ್ಚಿ ನನಗೆ ಬಂತು. ಹೊರಡುವಾಗ ಹತ್ತಿರ ಬಂದು, "ನಂಬರ್ ಬದಲಿ ಮಾಡ್ಕೊ. ಯಾರಿಗೂ ಕಾಣಂಗ ಒತ್ತಬ್ಯಾಡ" ಎಂದರು, ಅಷ್ಟೇ. ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮನುಷ್ಯ ಅದನ್ನೂ ಮಾಡಲಿಲ್ಲ. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ.

ಹೋದ ವರ್ಷ ಗೋನೆಗಂಡ್ಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಸತ್ತವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು.

"ಖರೇ ಹೇಳಪಾ, ನಮ್ಮ ಮನ್ಯಾಗಿನವ್ರು ಹಸಿ ಹತ್ತಿ ಇಳಿಸಿದ್ರೇನು? ಸಾಯೋತನಕ ಕೇಳಿದೆ, ಬಾಯಿ ಬಿಡಲಿಲ್ಲ."

ಪಕ್ಕದಲ್ಲಿ ಸಾವ್ಕಾರರು ನಿಂತಿದ್ದರು.

"ನನಗ ಗೊತ್ತಿಲ್ರಿ ಅಮ್ಮ" ಎಂದೆ.